ಸ್ಟೋರಿನಲ್ಲಿ ಹಳೆಯ ಕೆಂಪು ರಂಜಕದ ಡ್ರಮ್, ಮುಚ್ಚಳದ ಸುತ್ತ ತೇವ. ತೆರೆದು ನೋಡಬಹುದಾ?

ಸ್ಟೋರ್_ಹೊಸಬ:

ನಮ್ಮದು ನೈಲಾನ್ ಕಾಂಪೌಂಡ್, ಅಂದರೆ ಬೇರೆ ಪುಡಿಗಳನ್ನು ಬೆರೆಸಿದ ನೈಲಾನ್, ಮಾಡುವ ಸಣ್ಣ ಘಟಕ. ಸ್ಟೋರ್ ನನ್ನ ಕೈಗೆ ಬಂದು ಮೂರು ವಾರ ಆಯಿತು. ಸಾಮಾನಿನ ಲೆಕ್ಕ ಹಾಕುತ್ತಾ ಹೋದಾಗ ಮೂಲೆಯಲ್ಲಿ ನಾಲ್ಕು ಸಣ್ಣ ಕಬ್ಬಿಣದ ಡ್ರಮ್ ಕಂಡವು. ಲೇಬಲ್ ಓದಿದರೆ ಕೆಂಪು ರಂಜಕದ (ಫಾಸ್ಫರಸ್) ಪುಡಿ, ಅಪಾಯದ ಸರಕಿನ ಸಾಗಣೆ ನಂಬರ್ ಯುಎನ್ 1338, ಬಿಳಿ ಮೇಲೆ ಕೆಂಪು ಗೆರೆಗಳ ಚೌಕ. ಬೆಂಕಿ ಹತ್ತದ ಕನೆಕ್ಟರ್ ಗ್ರೇಡ್ ಒಂದರ ಟ್ರಯಲ್‌ಗೆ ಯಾವಾಗಲೋ ತರಿಸಿದ್ದಂತೆ. ಟ್ರಯಲ್ ಮುಗಿಯಿತು, ಮಾಡಿದವರು ಕೆಲಸ ಬಿಟ್ಟರು, ಡ್ರಮ್ ಮಾತ್ರ ಇಲ್ಲೇ ಉಳಿಯಿತು.

ಮೂರು ಡ್ರಮ್ ನೋಡಲು ಚೆನ್ನಾಗಿವೆ. ನಾಲ್ಕನೆಯದರ ಮುಚ್ಚಳದ ಸುತ್ತ ಎಣ್ಣೆ ಸವರಿದ ಹಾಗೆ ಹೊಳೆಯುವ ತೇವ. ಕ್ಲಾಂಪ್ ತುಕ್ಕು ಹಿಡಿದಿದೆ. ಹತ್ತಿರ ಹೋದರೆ ಕೊಳೆತ ಬೆಳ್ಳುಳ್ಳಿಯ ಹಾಗೆ ಸಣ್ಣ ವಾಸನೆ. ನಮ್ಮ ಮ್ಯಾನೇಜರ್ "ತೆರೆದು ನೋಡಪ್ಪ, ಪುಡಿ ಚೆನ್ನಾಗಿದ್ದರೆ ಬಳಸೋಣ" ಎನ್ನುತ್ತಾರೆ. ಪಾಳಿಯ ಹಿರಿಯರೊಬ್ಬರು "ಮುಟ್ಟಬೇಡ, ರಂಜಕ ಅಂದರೆ ನೀರಲ್ಲಿ ಮುಳುಗಿಸಿಡಬೇಕು" ಎನ್ನುತ್ತಾರೆ. ಯಾರ ಮಾತು ಕೇಳಲಿ?

ಹಳೇ_ಕಾಂಪೌಂಡರ್:

ಇಬ್ಬರದ್ದೂ ಬೇಡ. ಮೊದಲು ಆ ಮೂಲೆಗೆ ಯಾರೂ ಹೋಗದ ಹಾಗೆ ಮಾಡಿ. ಬಾಗಿಲು, ಕಿಟಕಿ ತೆರೆದಿಡಿ. ಅಲ್ಲಿ ವೆಲ್ಡಿಂಗ್, ಗ್ರೈಂಡಿಂಗ್, ಬೀಡಿ ಸಿಗರೇಟು ಏನೂ ಬೇಡ. ಮುಚ್ಚಳ ಉಬ್ಬಿದೆಯಾ ಅಂತ ದೂರದಿಂದಲೇ ನೋಡಿ ಹೇಳಿ. ಉಬ್ಬಿದ್ದರೆ ಅದನ್ನು ಅಲುಗಿಸುವುದೂ ಬೇಡ.

ಆ ತೇವ ಹೊರಗಿನಿಂದ ಬಿದ್ದ ನೀರಲ್ಲ. ಒಳಗಿನಿಂದ ಬಂದದ್ದು. ಕೆಂಪು ರಂಜಕಕ್ಕೆ ಗಾಳಿ ಮತ್ತು ತೇವ ಎರಡೂ ಒಟ್ಟಿಗೆ ಸಿಕ್ಕರೆ ಬಹಳ ನಿಧಾನವಾಗಿ ಎರಡು ಕೆಲಸ ಆಗುತ್ತವೆ. ಒಂದು ಕಡೆ ರಂಜಕದ ಆಮ್ಲಗಳು ಹುಟ್ಟುತ್ತವೆ, ಇನ್ನೊಂದು ಕಡೆ ಫಾಸ್ಫೀನ್ ಅನ್ನುವ ವಿಷದ ಅನಿಲ. ಆ ಆಮ್ಲಗಳಿಗೆ ನೀರಿನ ಆಸೆ ಜಾಸ್ತಿ. ಗಾಳಿಯಲ್ಲಿರುವ ತೇವವನ್ನು ತಾವೇ ಎಳೆದುಕೊಳ್ಳುತ್ತವೆ. ಎಳೆದುಕೊಂಡಷ್ಟೂ ಪುಡಿ ಇನ್ನಷ್ಟು ಒದ್ದೆಯಾಗುತ್ತದೆ, ಒದ್ದೆಯಾದಷ್ಟೂ ಆಮ್ಲ ಹೆಚ್ಚುತ್ತದೆ. ಹಾಗಾಗಿ ಒಮ್ಮೆ ಬೆವರಲು ಶುರುವಾದ ಡ್ರಮ್ ತಾನಾಗಿ ಸರಿಹೋಗುವುದಿಲ್ಲ. ನಿಮ್ಮ ಕ್ಲಾಂಪ್ ತುಕ್ಕು ಹಿಡಿದದ್ದು ಆ ಆಮ್ಲದಿಂದ, ವಾಸನೆ ಬಂದದ್ದು ಫಾಸ್ಫೀನಿನ ಜೊತೆಗೆ.

ಇನ್ನು ತೆರೆಯುವ ವಿಷಯ. ತೆರೆದು ಏನು ನೋಡುತ್ತೀರಿ? ಬೆವರಿದ ಪುಡಿಯನ್ನು ಯಾವ ಕಾಂಪೌಂಡಿಗೂ ಹಾಕಲು ಆಗುವುದಿಲ್ಲ. ಒಳಗೆ ಹೇಗಿದ್ದರೂ ಅದು ಹೊರಗೆ ಹೋಗಬೇಕಾದ ಸರಕೇ. ಮತ್ತೆ ತೆರೆಯುವ ಕಷ್ಟ ಯಾಕೆ?

ಬಿಎಸ್ಸಿ_ನೆನಪು:

ಒಂದು ಅನುಮಾನ. ನಾವು ಶಾಲೆಯಲ್ಲಿ ಓದಿದ್ದು ರಂಜಕವನ್ನು ನೀರಿನೊಳಗೆ ಇಡಬೇಕು ಅಂತಲೇ ಅಲ್ವಾ? ಸೀಸೆಯಲ್ಲಿ ಮೇಣದ ತುಂಡಿನ ಹಾಗೆ ಇದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಹಿರಿಯರು ಹೇಳಿದ್ದರಲ್ಲಿ ತಪ್ಪೇನು?

ಲ್ಯಾಬ್_ಟೇಬಲ್:

ನೀವು ನೋಡಿದ್ದು ಬಿಳಿ ರಂಜಕ. ಹೆಸರು ಒಂದೇ, ಧಾತು ಒಂದೇ, ಗುಣ ಮಾತ್ರ ಪೂರ್ತಿ ಬೇರೆ. 1669ರಲ್ಲಿ ಹ್ಯಾಂಬರ್ಗಿನ ಹೆನಿಗ್ ಬ್ರಾಂಡ್ ಮೂತ್ರವನ್ನು ಕಾಯಿಸಿ ಕಾಯಿಸಿ ತೆಗೆದದ್ದು ಬಿಳಿಯದನ್ನು. ಅದು ಗಾಳಿಯಲ್ಲಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಹತ್ತಿಕೊಳ್ಳುತ್ತದೆ. ಮೇಲಿಂದ ಕಡು ವಿಷ. ಅದಕ್ಕೇ ನೀರಿನೊಳಗೆ ಇಡುವುದು. ಸಾಗಣೆಯಲ್ಲಿ ಅದರ ನಂಬರ್ ಯುಎನ್ 1381, ತಾನಾಗಿ ಹತ್ತಿಕೊಳ್ಳುವ ವಸ್ತುಗಳ ಸಾಲಿನಲ್ಲಿ, ಅಂದರೆ 4.2ರಲ್ಲಿ ಬರುತ್ತದೆ.

ಬಿಳಿಯದನ್ನು ಗಾಳಿ ಇಲ್ಲದೆ ಕಾಯಿಸಿದರೆ ಸಿಗುವುದೇ ಈ ಕೆಂಪು ರಂಜಕ. ವಿಯೆನ್ನಾದ ಆಂಟನ್ ಶ್ರೋಟರ್ 1840ರ ದಶಕದಲ್ಲಿ ತೋರಿಸಿಕೊಟ್ಟದ್ದು. ಇದು ತಾನಾಗಿ ಹತ್ತಿಕೊಳ್ಳುವುದಿಲ್ಲ, ಸುಮಾರು 260 ಡಿಗ್ರಿ ಬೇಕು. ಇಲ್ಲವೇ ಉಜ್ಜಾಟ, ಕಿಡಿ ಬೇಕು. ಸಾಗಣೆಯ ಸಾಲು 4.1, ಹತ್ತಿಕೊಳ್ಳುವ ಘನವಸ್ತು. ಇದನ್ನು ಇಡಬೇಕಾದದ್ದು ಒಣಗಿದ ಜಾಗದಲ್ಲಿ. ನಂಬರ್ ನೋಡದೆ ಬರೀ ರಂಜಕ ಅನ್ನುವ ಹೆಸರು ಕೇಳಿ ನೀರು ಸುರಿದವರನ್ನು ನಾನೇ ಕಂಡಿದ್ದೇನೆ. ದೊಡ್ಡ ಅನಾಹುತ ಏನೂ ಆಗಲಿಲ್ಲ. ಒಳ್ಳೆಯ ಸರಕು ಹಾಳಾಯಿತು, ವಾರಗಟ್ಟಲೆ ವಾಸನೆ ಉಳಿಯಿತು.

ಮೋಲ್ಡಿಂಗ್_ಗೆಳೆಯ:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ತಾನೇ ಉರಿಯುವ ಪುಡಿಯನ್ನು ಬೆಂಕಿ ತಡೆಯಲು ಯಾಕೆ ಹಾಕುತ್ತಾರೆ? ಇದು ನನಗೆ ಯಾವತ್ತೂ ಅರ್ಥ ಆಗಿಲ್ಲ.

ಹಳೇ_ಕಾಂಪೌಂಡರ್:

ಪ್ಲಾಸ್ಟಿಕ್ಕಿನೊಳಗೆ ಹುದುಗಿದ ಪುಡಿಗೆ ಗಾಳಿ ಸಿಗುವುದಿಲ್ಲ. ಬೆಂಕಿ ತಗುಲಿದಾಗ ಅದು ಆಮ್ಲವಾಗಿ, ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಇದ್ದಿಲಿನ ಪದರ ಮಾಡುತ್ತದೆ. ಆ ಪದರ ದಾಟಿ ಒಳಗಿನ ಸರಕು ಉರಿಗೆ ಸಿಗುವುದಿಲ್ಲ. ಒಂದಿಷ್ಟು ರಂಜಕ ಜ್ವಾಲೆಯೊಳಗೂ ಹೋಗಿ ಅದರ ಜೋರು ಇಳಿಸುತ್ತದೆ. ಗಾಜಿನ ನಾರು ತುಂಬಿದ ನೈಲಾನ್ 66ಕ್ಕೆ ನೂರಕ್ಕೆ ಆರೆಂಟು ಭಾಗ ಸಾಕು. ಅದೇ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆದರೆ ಅರ್ಧಕ್ಕರ್ಧ ಸುರಿಯಬೇಕು. ಅದೂ ಸುಮಾರು 200 ಡಿಗ್ರಿಗೇ ನೀರು ಬಿಡಲು ಶುರು ಮಾಡುವುದರಿಂದ ನೈಲಾನ್ 66ಕ್ಕೆ ಹೊಂದುವುದೇ ಇಲ್ಲ. ಬ್ರೋಮಿನ್ ಇರುವ ಬೆಂಕಿ ತಡೆಯುವ ವಸ್ತುಗಳಲ್ಲಿ ಎಚ್‌ಬಿಸಿಡಿಯನ್ನು 2013ರಲ್ಲಿ, ಡೆಕಾಬಿಡಿಇಯನ್ನು 2017ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ, ಅಂದರೆ ಬೇಗ ಕೊಳೆಯದೆ ಉಳಿಯುವ ವಿಷಗಳ ಪಟ್ಟಿಗೆ ಹಾಕಿದರು. ಹಾಗಾಗಿ ಜನ ಕೆಂಪು ರಂಜಕದ ಕಡೆ ತಿರುಗುತ್ತಾರೆ. ಬಣ್ಣ ಮಾತ್ರ ಕಪ್ಪು ಅಥವಾ ಕಡುಗೆಂಪು ಬಿಟ್ಟು ಬೇರೆ ಬರುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಸ್ಟೋರ್_ಹೊಸಬ:

ಮುಚ್ಚಳ ಉಬ್ಬಿಲ್ಲ. ಜಾಗ ಹಗ್ಗ ಕಟ್ಟಿ ಮುಚ್ಚಿದ್ದೇನೆ. ಆದರೆ ಈಗ ಗಮನಿಸಿದ್ದು, ಅದೇ ಗೋಡೆಗೆ ಆತುಕೊಂಡ ರ‍್ಯಾಕಿನಲ್ಲಿ ಕೂಲಿಂಗ್ ಟವರ್ ನೀರಿಗೆ ಹಾಕುವ ಬ್ಲೀಚಿಂಗ್ ಪೌಡರ್ ಮೂಟೆಗಳಿವೆ. ಕೆಳಗೆ ಪೊಟ್ಯಾಷಿಯಂ ಪರ್ಮಾಂಗನೇಟಿನ ಒಂದು ಡಬ್ಬವೂ ಇದೆ. ನಡುವೆ ಒಂದೂವರೆ ಮಾರು ಜಾಗ ಇರಬಹುದು. ತೊಂದರೆ ಇದೆಯಾ?

ಲ್ಯಾಬ್_ಟೇಬಲ್:

ಇದೆ! ಡ್ರಮ್ಮಿಗಿಂತ ಮೊದಲು ಅವನ್ನು ಸಾಗಿಸಿ. ಇವತ್ತೇ.

ಮನೆಯಲ್ಲಿರುವ ಬೆಂಕಿಪೊಟ್ಟಣ ಒಂದನ್ನು ಕೈಗೆ ತೆಗೆದುಕೊಳ್ಳಿ. ಕಡ್ಡಿಯ ತಲೆಯಲ್ಲಿ ರಂಜಕ ಇದೆ ಅಂತ ಬಹಳ ಜನ ತಿಳಿದಿದ್ದಾರೆ. ಸೇಫ್ಟಿ ಮ್ಯಾಚ್‌ನಲ್ಲಿ ಹಾಗಲ್ಲ. ತಲೆಯಲ್ಲಿ ಇರುವುದು ಪೊಟ್ಯಾಷಿಯಂ ಕ್ಲೋರೇಟ್, ಆಮ್ಲಜನಕ ಕೊಡುವ ಉಪ್ಪು. ಕೆಂಪು ರಂಜಕ ಇರುವುದು ಪೊಟ್ಟಣದ ಬದಿಯ ಕಂದು ಪಟ್ಟಿಯಲ್ಲಿ. ಎರಡನ್ನೂ ಬೇರೆ ಬೇರೆ ಇಟ್ಟದ್ದಕ್ಕೇ ಅದಕ್ಕೆ ಸೇಫ್ಟಿ ಅನ್ನುವ ಹೆಸರು. ಗೀರಿದಾಗ ಪಟ್ಟಿಯಿಂದ ಕಣ್ಣಿಗೆ ಕಾಣದಷ್ಟು ರಂಜಕ ಎದ್ದು ಕ್ಲೋರೇಟಿಗೆ ತಗುಲುತ್ತದೆ. ಚರ್ ಅಂತ ಹತ್ತಿಕೊಳ್ಳಲು ಅಷ್ಟು ಸಾಕು. ನಿಮ್ಮ ಸ್ಟೋರಿನಲ್ಲಿ ಪಟ್ಟಿ ಒಂದು ಕಡೆ ಡ್ರಮ್ಮುಗಟ್ಟಲೆ, ಕಡ್ಡಿಯ ತಲೆ ಇನ್ನೊಂದು ಕಡೆ ಮೂಟೆಗಟ್ಟಲೆ. ಒಂದು ಮೂಟೆ ಹರಿದು, ಯಾರದೋ ಚಪ್ಪಲಿಗೆ ಅಂಟಿ ಆಚೆ ಹೋದರೆ ಗೀರುವ ಕೆಲಸ ಆ ಚಪ್ಪಲಿಯೇ ಮಾಡುತ್ತದೆ.

ಕ್ಲೋರೇಟ್, ಪರ್ಮಾಂಗನೇಟ್, ನೈಟ್ರೇಟ್, ಪೆರಾಕ್ಸೈಡ್, ಬ್ಲೀಚಿಂಗ್ ಪೌಡರ್, ಕ್ಲೋರಿನ್ ಅಥವಾ ಬ್ರೋಮಿನ್, ಇವು ಯಾವುವೂ ಅದೇ ಕೋಣೆಯಲ್ಲಿ ಇರಬಾರದು. ಹಳದಿ ಮೇಲೆ ಉರಿಯುವ ವೃತ್ತದ ಗುರುತು, 5.1 ಅಂತ ಬರೆದ ಏನು ಕಂಡರೂ ಗೋಡೆಯ ಆಚೆ. ಒಂದೇ ಸ್ಕೂಪ್, ಒಂದೇ ತೂಕದ ತಟ್ಟೆ ಎರಡಕ್ಕೂ ಬಳಸುವುದಂತೂ ದೇವರೇ ಗತಿ.

ಗುಂಡಿ_ಹನ್ನೆರಡು:

ಇಷ್ಟೆಲ್ಲ ಹೆದರಿಸಬೇಡಿ. ನಾನು ಹನ್ನೆರಡು ವರ್ಷ ಈ ಪುಡಿಯ ಜೊತೆ ಕೆಲಸ ಮಾಡಿದ್ದೇನೆ. ಗ್ಯಾಸ್ ಇದ್ದರೆ ಮೂಗಿಗೆ ಗೊತ್ತಾಗುತ್ತದೆ, ವಾಸನೆ ಬಂದರೆ ಐದು ನಿಮಿಷ ಹೊರಗೆ ಹೋಗಿ ಬಂದರೆ ಆಯಿತು. ಮೀಟರು ಗೀಟರು ಎಲ್ಲ ಆಡಿಟ್‌ನವರಿಗೆ ತೋರಿಸಲು.

ಸೇಫ್ಟಿ_ಅಕ್ಕ:

ಅಣ್ಣ, ನಿಮ್ಮ ಹನ್ನೆರಡು ವರ್ಷಕ್ಕೆ ಗೌರವ ಇದೆ. ಮೂಗಿನ ವಿಷಯ ಮಾತ್ರ ಒಪ್ಪುವುದಿಲ್ಲ. ಶುದ್ಧ ಫಾಸ್ಫೀನಿಗೆ ವಾಸನೆಯೇ ಇಲ್ಲ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಬರುವುದು ಅದರ ಜೊತೆ ಬರುವ ಕೊಳೆಯಿಂದ. ಕೊಳೆ ಎಷ್ಟಿದೆಯೋ ಅದರ ಮೇಲೆ ವಾಸನೆ, ವಿಷ ಎಷ್ಟಿದೆ ಅನ್ನುವುದರ ಮೇಲಲ್ಲ. ಎಂಟು ಗಂಟೆಯ ಪಾಳಿಗೆ ಅಮೆರಿಕದ ಕೆಲಸದ ಜಾಗದ ಸುರಕ್ಷತಾ ಸಂಸ್ಥೆ ಓಶಾ ಇಟ್ಟ ಮಿತಿ 0.3 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ 0.3 ಭಾಗ. ಜೀವಕ್ಕೆ ತಕ್ಷಣ ಅಪಾಯ ಎಂದು ಅಲ್ಲಿನದೇ ಸಂಶೋಧನಾ ಸಂಸ್ಥೆ ನಿಯೋಶ್ ಗುರುತಿಸಿದ್ದು 50 ಪಿಪಿಎಂ. ಈ ಎರಡರ ನಡುವೆ ನೀವು ಎಲ್ಲಿ ನಿಂತಿದ್ದೀರಿ ಅಂತ ಯಾವ ಮೂಗು ಹೇಳುತ್ತದೆ? ಅದಕ್ಕೆ ಫಾಸ್ಫೀನ್ ಸೆನ್ಸರ್ ಇರುವ ಮೀಟರ್ ಬೇಕು, ಇಲ್ಲವೇ ಬಣ್ಣ ಬದಲಿಸುವ ಗಾಜಿನ ಟ್ಯೂಬ್.

ಇನ್ನೊಂದು ಮಾತು. ಆ ಅನಿಲ ಸೇರಿದಾಗ ಮೊದಲು ಬರುವುದು ತಲೆನೋವು, ವಾಕರಿಕೆ, ಸುಸ್ತು, ಎದೆ ಬಿಗಿತ. ಜನ ಅದನ್ನು ಬಿಸಿಲು, ನಿದ್ದೆಗೇಡು ಅಂದುಕೊಂಡು ಮನೆಗೆ ಹೋಗುತ್ತಾರೆ. ಶ್ವಾಸಕೋಶದಲ್ಲಿ ನೀರು ತುಂಬುವುದು ಗಂಟೆಗಳಾದ ಮೇಲೂ ಶುರುವಾಗಬಹುದು. ಇದಕ್ಕೆ ಪ್ರತಿವಿಷ ಇಲ್ಲ. ಹಾಗಾಗಿ ಅನಿಲ ಕುಡಿದ ಅನುಮಾನ ಬಂದವರನ್ನು ಗಾಳಿಗೆ ಕರೆತಂದು ಆಸ್ಪತ್ರೆಗೆ ಕಳಿಸಬೇಕು. ಡಾಕ್ಟರಿಗೆ ಫಾಸ್ಫೀನ್ ಅನ್ನುವ ಹೆಸರನ್ನು ಬಾಯಿಬಿಟ್ಟು ಹೇಳಬೇಕು, ಎಸ್‌ಡಿಎಸ್ ಹಾಳೆಯನ್ನು, ಅಂದರೆ ಸರಕಿನ ಅಪಾಯ ಮತ್ತು ಎಚ್ಚರಿಕೆ ಬರೆದಿರುವ ಹಾಳೆಯನ್ನು, ಕೈಯಲ್ಲಿ ಕೊಟ್ಟು ಕಳಿಸಬೇಕು. ಈಗ ಚೆನ್ನಾಗಿದ್ದೇನೆ ಅಂದರೂ ಒಂದೆರಡು ದಿನ ಗಮನ ಇಡಬೇಕು.

ಮತ್ತೆ ಧೂಳಿನ ಮಾಸ್ಕ್ ಪುಡಿಗೆ ಮಾತ್ರ. ಅನಿಲ ಅದರೊಳಗಿಂದ ಆರಾಮವಾಗಿ ಹೋಗುತ್ತದೆ. ಫಾಸ್ಫೀನಿಗೆ ಅಂತಲೇ ಬರೆದಿರುವ, ಮಾಸ್ಕಿಗೆ ಹಾಕುವ ಕಾರ್ಟ್ರಿಜ್ ಬೇರೆ ಇರುತ್ತದೆ. ಎಷ್ಟಿದೆ ಅಂತ ಅಳೆಯದ ಜಾಗಕ್ಕೆ ಅದೂ ಸಾಲದು, ಬೆನ್ನಿಗೆ ಸಿಲಿಂಡರ್ ಹೊತ್ತವರೇ ಹೋಗಬೇಕು.

ಗುಂಡಿ_ಹನ್ನೆರಡು:

ಸರಿ ಅಕ್ಕ, ಬಿಟ್ಟೆ. ವಾಸನೆಗೆ ಮೂಗು ಒಗ್ಗಿಯೂ ಹೋಗುತ್ತದೆ, ಮೊದಲ ತಿಂಗಳು ಬರುತ್ತಿದ್ದಷ್ಟು ಆಮೇಲೆ ಬರುತ್ತಿರಲಿಲ್ಲ. ಗ್ಯಾಸ್ ಕಡಿಮೆಯಾಗಿದೆ ಅಂದುಕೊಂಡಿದ್ದೆ.

ಸ್ಟೋರ್_ಹೊಸಬ:

ಬ್ಲೀಚಿಂಗ್ ಪೌಡರ್, ಪರ್ಮಾಂಗನೇಟ್ ಎರಡನ್ನೂ ಬೇರೆ ಕಟ್ಟಡಕ್ಕೆ ಸಾಗಿಸಿದೆವು. ಈಗ ಗೊಂದಲ ಇನ್ನೊಂದು. ಎಸ್‌ಡಿಎಸ್ ಹಾಳೆಯ ಏಳನೇ ಭಾಗ, ಅಂದರೆ ಇಡುವ ಬಗ್ಗೆ ಇರುವುದು, "ತೇವದಿಂದ ದೂರ ಇಡಿ" ಅನ್ನುತ್ತದೆ. ಐದು ಮತ್ತು ಆರನೇ ಭಾಗ, ಬೆಂಕಿ ಮತ್ತು ಚೆಲ್ಲಿದ್ದರ ಬಗ್ಗೆ, "ನೀರು ಹಾಕಿ, ಒದ್ದೆಯಾಗಿಡಿ" ಅನ್ನುತ್ತದೆ. ಒಂದೇ ಹಾಳೆಯಲ್ಲಿ ಹೀಗೆ ಎರಡು ಮಾತಾ?

ಹಳೇ_ಕಾಂಪೌಂಡರ್:

ಈ ಪುಡಿಯ ಬಗ್ಗೆ ತಿಳಿಯಬೇಕಾದ್ದೆಲ್ಲ ಈ ಪ್ರಶ್ನೆಯಲ್ಲೇ ಇದೆ. ಉತ್ತರಕ್ಕೆ ನನ್ನದೇ ಒಂದು ಕಥೆ ಹೇಳುತ್ತೇನೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಾನು ಕೆಲಸಕ್ಕೆ ಸೇರಿದ ಹೊಸದು. ಮೆಷಿನ್ನಿಗೆ ಪುಡಿ ಉಣಿಸುವ ಫೀಡರ್ ಕೆಳಗೆ ಎರಡು ಹಿಡಿಯಷ್ಟು ಪುಡಿ ಚೆಲ್ಲಿತ್ತು. ನೋಡಲು ಹಳೆಯ ಇಟ್ಟಿಗೆಯ ಪುಡಿಯ ಹಾಗೆ, ಅದಕ್ಕಿಂತ ನುಣುಪು, ಬೆರಳಿಗೆ ಅಂಟಿದರೆ ಗೆರೆಗಳ ಸಂದಿಯೊಳಗೆ ಕೂರುತ್ತದೆ. ಜೊತೆಯವನು ಕಬ್ಬಿಣದ ಸಲಿಕೆ ತಂದು ಸಿಮೆಂಟ್ ನೆಲದ ಮೇಲೆ ಕೆರೆದ. ನಾನು ಎದುರಿಗೇ ನಿಂತಿದ್ದೆ. ಸಲಿಕೆಯ ಅಂಚಿನಿಂದ ಒಂದು ಸಣ್ಣ ಹೊಳಪು, ಅಷ್ಟೇ. ಆಮೇಲೆ ನೆಲದ ಮೇಲೆ ಹಳದಿ ಗೆರೆಯೊಂದು ಓಡಿತು, ಪುಡಿ ಎಲ್ಲೆಲ್ಲಿ ಬಿದ್ದಿತ್ತೋ ಅದೇ ದಾರಿ ಹಿಡಿದು. ಅದರ ಹಿಂದೆಯೇ ದಟ್ಟ ಬಿಳಿ ಹೊಗೆ. ಆ ಹೊಗೆ ರಂಜಕದ ಆಕ್ಸೈಡ್. ಗಂಟಲಿನ ಪಸೆ ಸಿಕ್ಕಿದ ಕೂಡಲೇ ಆಮ್ಲವಾಗುತ್ತದೆ. ಇಬ್ಬರೂ ಕೆಮ್ಮುತ್ತಾ ಹೊರಗೆ ಓಡಿದೆವು.

ಯಾರೋ ಬಕೆಟ್ ನೀರು ಎಸೆದರು. ಆರಿತು. ಎಲ್ಲರೂ ಖುಷಿ. ಒರೆಸಿ, ಒರೆಸಿದ ಬಟ್ಟೆಯನ್ನು ಮೂಲೆಯ ಡಬ್ಬಕ್ಕೆ ಹಾಕಿದೆವು. ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಆ ಡಬ್ಬದಿಂದ ಮತ್ತೆ ಬಿಳಿ ಹೊಗೆ. ಬೂದಿ ಮುಚ್ಚಿದ ಕೆಂಡ ಅನ್ನುತ್ತಾರಲ್ಲ, ಅದಕ್ಕಿಂತ ಕೆಟ್ಟದ್ದು, ಯಾಕೆಂದರೆ ಕೆಂಡಕ್ಕೆ ಕನಿಷ್ಠ ಕಾವು ಇರುತ್ತದೆ. ಇದು ತಣ್ಣಗಿತ್ತು. ಕೆಂಪು ರಂಜಕ ಉರಿಯುವಾಗ ಒಂದಿಷ್ಟು ಆವಿಯಾಗುತ್ತದೆ. ಆ ಆವಿ ಗಾಳಿ ಸಾಲದ ಕಡೆ ತಣಿದರೆ ಬಿಳಿ ರಂಜಕವಾಗಿ ಕೂರುತ್ತದೆ. ಬಟ್ಟೆ ಒದ್ದೆ ಇರುವ ತನಕ ಸುಮ್ನೆ ಇತ್ತು. ಒಣಗಿತು, ತಾನಾಗಿ ಹತ್ತಿಕೊಂಡಿತು.

ಈಗ ನಿಮ್ಮ ಎರಡು ಮಾತಿಗೆ ಬರೋಣ. ನೀರು ಕೆಂಪು ರಂಜಕದ ಜೊತೆ ಸಿಡಿಯುವುದಿಲ್ಲ, ಸೋಡಿಯಂ ಹಾಗೆ ಅಲ್ಲ. ಕರಗುವುದೂ ಇಲ್ಲ. ಚೆಲ್ಲಿದ ಪುಡಿಗೆ ನೀರು ಹಾಕಿದರೆ ಧೂಳು ಏಳುವುದಿಲ್ಲ, ಉಜ್ಜಿದರೆ ಕಿಡಿ ಹತ್ತುವುದಿಲ್ಲ, ಅದು ಆ ಹೊತ್ತಿನ ರಕ್ಷಣೆ. ಕೆಟ್ಟದ್ದು ಅರೆಬರೆ ತೇವ, ಮುಚ್ಚಿಟ್ಟ ಡಬ್ಬದಲ್ಲಿ, ತಿಂಗಳುಗಟ್ಟಲೆ. ಅಂದರೆ ಒಣಗಿಸಿ ಇಡುವುದಾದರೆ ಪೂರ್ತಿ ಒಣ, ಒದ್ದೆ ಮಾಡುವುದಾದರೆ ಪೂರ್ತಿ ಒದ್ದೆ, ಅದೂ ಸ್ವಲ್ಪ ದಿನಕ್ಕೆ. ನಾವು ಎಡವುವುದು ಇವೆರಡರ ನಡುವೆ. ಒದ್ದೆ ನೆಲದ ಮೇಲೆ ಇಟ್ಟ ಮೂಟೆ, ಮಳೆಗಾಲದಲ್ಲಿ ಅರ್ಧ ಬಳಸಿ ಬಾಯಿ ಮಡಚಿದ ಚೀಲ, ಒರೆಸಿ ಎಸೆದ ಬಟ್ಟೆ, ಎಲ್ಲವೂ ಆ ನಡುವಿನದೇ.

ಸೇಫ್ಟಿ_ಅಕ್ಕ:

ಇದಕ್ಕೆ ಒಂದು ಸೇರಿಸುತ್ತೇನೆ. ಚೆಲ್ಲಿದ್ದನ್ನು ಒದ್ದೆ ಮಾಡಿ, ಕಿಡಿ ಬಾರದ ಸಲಿಕೆಯಲ್ಲಿ ಎತ್ತಿ, ಡಬ್ಬದಲ್ಲಿ ನೀರಿನ ಕೆಳಗೆ ಮುಳುಗಿಸಿಡಬೇಕು. ಆದರೆ ಆ ಡಬ್ಬದ ಮುಚ್ಚಳ ಬಿಗಿ ಮಾಡಬಾರದು. ಒದ್ದೆ ಪುಡಿ ಸ್ವಲ್ಪ ಸ್ವಲ್ಪ ಅನಿಲ ಬಿಡುತ್ತಲೇ ಇರುತ್ತದೆ. ಬಿಗಿ ಮಾಡಿದರೆ ಒಳಗೆ ಒತ್ತಡ, ಮೇಲೆ ಫಾಸ್ಫೀನ್. ಗಾಳಿ ಆಡುವ ನೆರಳಿನಲ್ಲಿ ಇಟ್ಟು ಬೇಗ ವಿಲೇವಾರಿಗೆ ಕಳಿಸಿ. ಆ ನೀರನ್ನು ಚರಂಡಿಗೆ ಬಿಡಬೇಡಿ, ನೀರಿನ ಜೀವಿಗಳಿಗೆ ಕೆಡುಕು ಅಂತ ಹಾಳೆಯಲ್ಲೇ ಎಚ್ಚರಿಕೆ ಇದೆ.

ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಬೇಡ. ಅದರ ಮೋಟಾರೇ ಕಿಡಿ. ಕಂಪ್ರೆಸರ್ ಗಾಳಿಯಲ್ಲಿ ಊದುವುದು ಅದಕ್ಕಿಂತ ಕೆಟ್ಟದ್ದು. ನೆಲದಲ್ಲಿ ಮಲಗಿದ್ದ ಪುಡಿಯನ್ನು ಗಾಳಿಗೆ ಎಬ್ಬಿಸಿದರೆ ಹತ್ತಿಕೊಳ್ಳುವುದಲ್ಲ, ಸಿಡಿಯುವುದು.

ಸ್ಟೋರ್_ಹೊಸಬ:

ಆಮ್ಲ ಇದೆ ಅಂತಾದರೆ ಸ್ವಲ್ಪ ಕಾಸ್ಟಿಕ್ ಸೋಡಾ ಹಾಕಿ ಮುರಿಯಬಹುದಾ? ಇಲ್ಲಿ ಒಬ್ಬರು ಹಾಗೆ ಹೇಳಿದರು.

ಲ್ಯಾಬ್_ಟೇಬಲ್:

ಅಯ್ಯೋ ಬೇಡ. ಹತ್ತನೇ ಭಾಗ ಓದಿ, ಯಾವುದರ ಜೊತೆ ಸೇರಬಾರದು ಅನ್ನುವ ಪಟ್ಟಿ. ಪ್ರಬಲ ಕ್ಷಾರ ಅದರಲ್ಲಿ ಇರುತ್ತದೆ. ಕಾಸ್ಟಿಕ್ ಸೇರಿದರೆ ಫಾಸ್ಫೀನ್ ಬರುವ ದಾರಿಯನ್ನು ನೀವೇ ಅಗಲ ಮಾಡಿಕೊಟ್ಟ ಹಾಗೆ. ಆಮ್ಲ ಆಮ್ಲವಾಗಿಯೇ ಇರಲಿ, ವಿಲೇವಾರಿಯವರು ನೋಡಿಕೊಳ್ಳುತ್ತಾರೆ.

ಪಕ್ಕದ_ಲೈನ್:

ಉಳಿದ ಮೂರು ಡ್ರಮ್ಮಿನ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಅವು ಚೆನ್ನಾಗಿವೆ ಅಂದರಲ್ಲ. ಅವನ್ನು ಬಳಸಬಹುದಾ? ನಾವೂ ಇದೇ ಪುಡಿ ಬಳಸುತ್ತೇವೆ, ಹಾಗಾಗಿ ಕೇಳಿದೆ.

ಹಳೇ_ಕಾಂಪೌಂಡರ್:

ಮೊದಲು ಲೇಬಲ್ಲಿನಲ್ಲಿ ಯಾವ ಗ್ರೇಡ್ ಅಂತ ನೋಡಿ. ಬರೀ ಪುಡಿಯಾ, ಲೇಪನ ಇರುವುದಾ. ಒಳ್ಳೆಯ ಗ್ರೇಡಿನಲ್ಲಿ ಪ್ರತಿ ಕಣಕ್ಕೂ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಅಥವಾ ಫೀನಾಲ್ ರಾಳದ ತೆಳು ಪದರ ಇರುತ್ತದೆ. ಕೆಲವಕ್ಕೆ ಧೂಳು ಏಳದ ಹಾಗೆ ಎಣ್ಣೆ ಪಸೆ ಕೊಟ್ಟಿರುತ್ತಾರೆ. ಲೇಪನ ಇದ್ದರೆ ತೇವ ಕಣ ಮುಟ್ಟುವುದು ತಡ, ಫಾಸ್ಫೀನೂ ಕಡಿಮೆ. ಆದರೂ ಅವಧಿ ಮುಗಿದಿದ್ದರೆ ಮುಗಿಯಿತು. ಸಪ್ಲೈಯರ್‌ಗೆ ಬ್ಯಾಚ್ ನಂಬರ್ ಕೊಟ್ಟು ಕೇಳಿ, ನಿಮ್ಮ ಅಂದಾಜಿನ ಮೇಲೆ ಹೋಗಬೇಡಿ.

ನಾನು ಬೆವರಿದ ಡ್ರಮ್ ಒಂದರ ಒಳಗು ನೋಡಿದ್ದೇನೆ. ಮೇಲಿನ ಪದರ ಹಸಿ ಜೇಡಿಯ ಹಾಗೆ ಗಟ್ಟಿ ಹೆಂಟೆ. ಒಳಚೀಲದ ಮಡಿಕೆಗಳಲ್ಲಿ ದಪ್ಪ ಪಾಕದಂಥ ಹನಿಗಳು, ಪಿಎಚ್ ಕಾಗದ ಮುಟ್ಟಿಸಿದ ಕೂಡಲೇ ಕೆಂಪಾಯಿತು. ಡ್ರಮ್ಮಿನ ಕಬ್ಬಿಣ ಒಳಗಿನಿಂದ ಕಪ್ಪಗೆ ತಿಂದುಹೋಗಿತ್ತು. ತಮಾಷೆ ಏನೆಂದರೆ ಅರ್ಧ ಅಡಿ ಕೆಳಗೆ ಪುಡಿ ಹೊಸದರ ಹಾಗೇ ಇತ್ತು. "ಕೆಳಗಿನದು ಚೆನ್ನಾಗಿದೆಯಲ್ಲ, ಮೇಲಿನದು ತೆಗೆದು ಬಳಸೋಣ" ಅನ್ನುವ ಆಸೆ ಬರುವುದು ಅಲ್ಲೇ.

ಕೆಟ್ಟ ಪುಡಿ ಕಾಂಪೌಂಡಿಗೆ ಹೋದರೆ ಏನಾಗುತ್ತದೆ ಅಂತ 2000ದ ಆಸುಪಾಸಿನಲ್ಲಿ ಇಡೀ ಕಂಪ್ಯೂಟರ್ ಉದ್ಯಮ ನೋಡಿತು. ಚಿಪ್ ಮುಚ್ಚುವ ಎಪಾಕ್ಸಿಗೆ ಬ್ರೋಮಿನ್ ಬದಲು ಕೆಂಪು ರಂಜಕ ಹಾಕಿದ್ದರು. ಲೇಪನ ಸರಿಯಿಲ್ಲದ ಕಣಗಳು ತೇವ ಕುಡಿದು ಆಮ್ಲ ಬಿಟ್ಟವು. ಚಿಪ್ಪಿನ ಕಾಲುಗಳ ನಡುವೆ ಲೋಹ ಹರಿದು ಶಾರ್ಟ್ ಆಗಿ ಹಾರ್ಡ್ ಡಿಸ್ಕ್‌ಗಳು ರಾಶಿಗಟ್ಟಲೆ ಸತ್ತವು. ನಿಮ್ಮ ಕನೆಕ್ಟರ್ ಒಳಗೂ ತಾಮ್ರವೇ ಇರುವುದು, ಅಲ್ವಾ?

ಪಕ್ಕದ_ಲೈನ್:

ಹಾಗಾದರೆ ನಾವು ದಿನಾ ಬಳಸುವವರು ಏನು ಮಾಡಬೇಕು?

ಹಳೇ_ಕಾಂಪೌಂಡರ್:

ಸಾಧ್ಯವಾದರೆ ಪುಡಿಯನ್ನೇ ಬಿಡಿ. ಮಾಸ್ಟರ್‌ಬ್ಯಾಚ್ ತರಿಸಿ, ಅಂದರೆ ನೈಲಾನಿನೊಳಗೆ ಅರ್ಧದಷ್ಟು ರಂಜಕ ಮೊದಲೇ ಕಟ್ಟಿಹಾಕಿದ ಕಾಳು. ಧೂಳಿಲ್ಲ, ಕಿಡಿಯ ಭಯ ಬಹಳ ಕಡಿಮೆ, ಚೆಲ್ಲಿದರೆ ಗುಡಿಸಬಹುದು. ಖರ್ಚು ಜಾಸ್ತಿ ಅಂತ ಲೆಕ್ಕದವರು ಗೊಣಗುತ್ತಾರೆ. ಒಂದು ಸಲ ಆ ಹಳದಿ ಗೆರೆ ನೆಲದ ಮೇಲೆ ಓಡುವುದನ್ನು ನೋಡಿದ್ದರೆ ಗೊಣಗುತ್ತಿರಲಿಲ್ಲ.

ಪುಡಿಯೇ ಬೇಕು ಅಂದರೆ ದಿನಕ್ಕೆ ಬೇಕಾದಷ್ಟೇ ಲೈನಿಗೆ ಬರಲಿ. ಉಳಿದದ್ದು ತನ್ನ ಡ್ರಮ್ಮಿನಲ್ಲೇ, ಒಳಚೀಲ ಕಟ್ಟಿ, ಮುಚ್ಚಳ ಹಾಕಿ. ಡ್ರಮ್, ಫೀಡರ್, ಸ್ಕೂಪ್ ಎಲ್ಲಕ್ಕೂ ಅರ್ಥಿಂಗ್. ಹಾಪರ್‌ಗೆ ನೈಟ್ರೋಜನ್ ಬಿಡುವ ಸೌಲಭ್ಯ ಇದ್ದರೆ ಬಿಡಿ. ನೈಲಾನ್ ಪೂರ್ತಿ ಒಣಗಿರಲಿ, ಅದರೊಳಗಿನ ತೇವವೂ ಪ್ಲಾಸ್ಟಿಕ್ ಕರಗಿಸುವ ಬ್ಯಾರಲ್ ಒಳಗೆ ಫಾಸ್ಫೀನ್ ಮಾಡುತ್ತದೆ. ನೈಲಾನ್ 66 ಕರಗುವುದೇ 260 ಡಿಗ್ರಿ ಆಸುಪಾಸು, ರಂಜಕದ ಪುಡಿ ಗಾಳಿಯಲ್ಲಿ ಹತ್ತಿಕೊಳ್ಳುವುದೂ ಅದೇ ಆಸುಪಾಸು. ಇದನ್ನು ಬರೆದು ಮೆಷಿನ್ ಪಕ್ಕ ಅಂಟಿಸಿ. ಲೈನ್ ನಿಂತಾಗ ಬಿಸಿ ಬ್ಯಾರಲ್‌ನಲ್ಲಿ ಸರಕು ಬಿಟ್ಟು ಊಟಕ್ಕೆ ಹೋಗಬೇಡಿ, ಬರೀ ನೈಲಾನ್ ಹಾಕಿ ತೊಳೆದು ಹೋಗಿ. ವೆಂಟ್ ಮತ್ತು ಡೈ ಮೇಲೆ ಹೊಗೆ ಎಳೆಯುವ ಹುಡ್ ಇರಲೇಬೇಕು.

ಸೇಫ್ಟಿ_ಅಕ್ಕ:

ಸ್ಟೋರಿನ ಬಗ್ಗೆ ನಾಲ್ಕು ಮಾತು. ಡ್ರಮ್ ನೆಲಕ್ಕೆ ತಾಗಬಾರದು, ಪ್ಯಾಲೆಟ್ ಮೇಲೆ ಇರಲಿ. ಬಿಸಿಲು ಬೀಳುವ ಗೋಡೆ, ಸ್ಟೀಮ್ ಪೈಪ್ ಹತ್ತಿರ ಬೇಡ. ಡ್ರಮ್ ಎಳೆಯಬೇಡಿ, ಉರುಳಿಸಬೇಡಿ, ಟ್ರಾಲಿಯಲ್ಲಿ ಎತ್ತಿ ಸಾಗಿಸಿ. ಬಂದ ತಾರೀಕನ್ನು ದಪ್ಪ ಅಕ್ಷರದಲ್ಲಿ ಬರೆದು, ಮೊದಲು ಬಂದದ್ದನ್ನು ಮೊದಲು ಖಾಲಿ ಮಾಡಿ. ಬೆಂಕಿ ಬಿದ್ದರೆ ನೀರಿನ ತುಂತುರು, ಒದ್ದೆ ಮರಳು. ಜೋರು ಧಾರೆ ಬಿಟ್ಟರೆ ಉರಿಯುವ ಪುಡಿಯೇ ಚದುರುತ್ತದೆ. ಆರಿದ ಮೇಲೂ ಒಣಗಲು ಬಿಡಬೇಡಿ, ಯಾಕೆ ಅಂತ ಮೇಲಿನ ಕಥೆಯಲ್ಲೇ ಇದೆ. ಮೈಮೇಲೆ ಉರಿದ ಪುಡಿ ಬಿದ್ದರೆ ನೀರು ಹಾಕುತ್ತಾ, ಒದ್ದೆ ಬಟ್ಟೆ ಹೊದಿಸಿ ಆಸ್ಪತ್ರೆಗೆ. ಮುಲಾಮು, ಎಣ್ಣೆ ಬೇಡ.

ಸ್ಟೋರ್_ಹೊಸಬ:

ಹನ್ನೊಂದು ದಿನ ಆಯಿತು, ಆದದ್ದನ್ನು ಹೇಳಿಬಿಡುತ್ತೇನೆ. ಮ್ಯಾನೇಜರ್‌ಗೆ ಬೆಂಕಿಪೊಟ್ಟಣದ ಉದಾಹರಣೆಯನ್ನೇ ಹೇಳಿದೆ. ಎಸ್‌ಡಿಎಸ್ ಹಾಳೆ ತೋರಿಸಿದಾಗ ಆಗದ ಕೆಲಸ ಅದರಿಂದ ಆಯಿತು. ಪೊಟ್ಟಣ ತಿರುಗಿಸಿ ಆ ಕಂದು ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ತಾವೇ ಫೋನ್ ಎತ್ತಿದರು.

ಅಪಾಯಕಾರಿ ತ್ಯಾಜ್ಯ ಸಾಗಿಸುವ ಪರವಾನಗಿ ಇರುವವರು ನಾಲ್ಕು ಜನ ಬಂದರು. ಮುಚ್ಚಳದ ಅಂಚಿಗೆ ಮೀಟರಿನ ಕೊಳವೆ ಹಿಡಿದಾಗ 6 ಪಿಪಿಎಂ ತೋರಿಸಿತು. ಅಂದರೆ ಪಾಳಿಯ ಮಿತಿಯ ಇಪ್ಪತ್ತು ಪಟ್ಟು. ನಾನು ಮೂರು ವಾರ ಅದರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಲೆಕ್ಕ ಬರೆದಿದ್ದೆ. ಅವರೂ ತೆರೆಯಲಿಲ್ಲ. ಡ್ರಮ್ಮನ್ನು ಹಾಗೇ ಎತ್ತಿ, ಗಾಳಿ ಹೋಗುವ ಮುಚ್ಚಳ ಇರುವ ಇನ್ನೊಂದು ದೊಡ್ಡ ಡ್ರಮ್ಮಿನೊಳಗೆ ಇಳಿಸಿದರು. ಉಳಿದ ಮೂರನ್ನೂ ಅದರ ಜೊತೆಗೇ ಕಳಿಸಿದೆವು, ಎರಡರ ಅವಧಿ ಮುಗಿದಿತ್ತು, ಒಂದರ ಲೇಬಲ್ ಓದಲು ಬರುತ್ತಿರಲಿಲ್ಲ.

ಪ್ಯಾಲೆಟ್ ತೆಗೆದಾಗ ಕಾರಣವೂ ಕಂಡಿತು. ನಾಲ್ಕನೆಯ ಡ್ರಮ್ ಇದ್ದ ಜಾಗದ ನೇರ ಮೇಲೆ ಎಸಿಯ ಪೈಪ್ ಹಾದುಹೋಗುತ್ತದೆ. ಅದರಿಂದ ಹನಿ ಬೀಳುತ್ತಿತ್ತು.

ಗುಂಡಿ_ಹನ್ನೆರಡು:

ತಮ್ಮ, ಆ ಮೂರು ವಾರದಲ್ಲಿ ತಲೆನೋವು ಏನಾದರೂ ಬಂದಿತ್ತಾ?

ಸ್ಟೋರ್_ಹೊಸಬ:

ಬಂದಿತ್ತು ಅಣ್ಣ. ಹೊಸ ಕೆಲಸದ ಟೆನ್ಷನ್ ಅಂದುಕೊಂಡಿದ್ದೆ. ಅಕ್ಕ ಹೇಳಿದ್ದು ಓದಿದ ಮೇಲೆ ಡಾಕ್ಟರ್ ಹತ್ತಿರ ಹೋಗಿ ಬಂದೆ. ಎದೆಯ ಎಕ್ಸ್‌ರೇ ಚೆನ್ನಾಗಿದೆ ಅಂದರು. ಎಸಿ ಪೈಪಿನವರು ನಾಳೆ ಬರುತ್ತಾರೆ.